ಅರುವತ್ತಮೂರರಲ್ಲಿ ಕೆಟ್ಟುದು ಯಾವುದು?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಗೋಣಿಚೀಲದಲ್ಲಿ ಸುತ್ತಿದ ವಸ್ತುವೊಂದನ್ನು ಎತ್ತಿಕೊಂಡು ನಮ್ಮ ಕೊಠಡಿಗೆ ಬಂದನು. ಪೇಟೆಯಲ್ಲಿ ಮೊಬೈಲು ದುರಸ್ತಿಯ ಸಣ್ಣ ಅಂಗಡಿಯನ್ನಿಟ್ಟುಕೊಂಡು ಮರ್ಯಾದೆಯಿಂದ ಜೀವನ ಸಾಗಿಸುತ್ತಿರುವ ತರುಣನೀತ. ತಂದೆಯು ಅಡಿಕೆ ಮಾರಿ ಕೂಡಿಸಿಟ್ಟ ಹಣದಿಂದ, ಪರವೂರಿನ ಮಾರಾಟಗಾರನೊಬ್ಬನ ಮಾತನ್ನು ನಂಬಿ, ಬಿಟ್‌ಕಾಯಿನ್ ಎಂಬ ಅಂಕೀಯ ನಾಣ್ಯವನ್ನು ‘ಅಗೆಯುವ’ ಹಳೆಯ ಯಂತ್ರವೊಂದನ್ನು ಕೊಂಡಿದ್ದನು. ಅದರ ಮೂರು ಹಲಗೆಗಳಲ್ಲಿ ಒಂದು ಮೂರನೆಯ ವಾರದಲ್ಲಿಯೇ ನಿಂತುಹೋಯಿತು. “ಮಾಸ್ತರರೇ, ಇದರಲ್ಲಿ ಅರುವತ್ತಮೂರು ಚಿಪ್ಪುಗಳಿವೆ. ಕೆಟ್ಟುದು ಒಂದೇ ಇರಬೇಕು. ಯಾವುದೆಂದು ಹುಡುಕುವುದು ಹೇಗೆ? ಇದು ಸರಿಯಾದರೆ ಸಹಕಾರಿ ಸಂಘದಲ್ಲಿ ಸಾಲ ಮಾಡಿ ಇನ್ನೂ ನಾಲ್ಕು ಯಂತ್ರಗಳನ್ನು ತರಬೇಕೆಂದಿದ್ದೇನೆ” ಎಂದನು.

ಆತನ ಮಾತಿನಲ್ಲಿ ಎರಡು ಪ್ರಶ್ನೆಗಳಿದ್ದವು. ಕೆಟ್ಟ ಚಿಪ್ಪನ್ನು ಕಂಡುಹಿಡಿದು ಸರಿಪಡಿಸುವುದು ಹೇಗೆ ಎಂಬುದೊಂದು. ಸರಿಪಡಿಸಿದರೆ ಪ್ರಯೋಜನವುಂಟೆ ಎಂಬುದು ಇನ್ನೊಂದು. ಮೊದಲನೆಯದನ್ನು ಆತನು ಕೇಳಿದನು, ಎರಡನೆಯದನ್ನು ಕೇಳಲಿಲ್ಲ. ಈ ಎರಡಕ್ಕೂ ಎಂಟನೆಯ ತರಗತಿಯ ಗಣಿತವೇ ಉತ್ತರ ಕೊಡಬಲ್ಲುದಾದ್ದರಿಂದ, ಆ ವಿಷಯವನ್ನು ವಿದ್ಯಾರ್ಥಿಗಳ ಮುಂದೆಯೂ ಅವರ ತಾಯಿತಂದೆಗಳ ಮುಂದೆಯೂ ಇಲ್ಲಿ ವಿವರಿಸಲು ಬಯಸುತ್ತೇವೆ.

ಯಂತ್ರವು ಮಾಡುವ ಕೆಲಸ

ಬಿಟ್‌ಕಾಯಿನ್ ಎಂಬುದು ಕೈಯಲ್ಲಿ ಹಿಡಿಯುವ ನಾಣ್ಯವಲ್ಲ. ಅದೊಂದು ಲೆಕ್ಕದ ಪುಸ್ತಕ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದನ್ನು ಬರೆದಿಡುವ ಈ ಪುಸ್ತಕದ ಪ್ರತಿಗಳು ಲೋಕದ ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲದಲ್ಲಿರುತ್ತವೆ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಇದರ ಯೋಜನೆಯು ೨೦೦೮ರಲ್ಲಿ ಪ್ರಕಟವಾಯಿತು. ೨೦೦೯ರ ಜನವರಿ ೩ರಂದು ಪುಸ್ತಕದ ಮೊದಲ ಪುಟವು ಸಿದ್ಧವಾಯಿತು. ಹೊಸ ಪುಟವೊಂದನ್ನು ಸೇರಿಸಬೇಕಾದರೆ ಕಠಿನವಾದ ಒಂದು ಒಗಟನ್ನು ಬಿಡಿಸಬೇಕು. ಮೊದಲು ಬಿಡಿಸಿದವರಿಗೆ ಬಹುಮಾನವಾಗಿ ಹೊಸ ನಾಣ್ಯಗಳು ದೊರೆಯುತ್ತವೆ. ನೆಲದಿಂದ ಚಿನ್ನವನ್ನು ತೆಗೆಯುವುದಕ್ಕೆ ಹೋಲಿಸಿ ಇದನ್ನು ‘ಮೈನಿಂಗ್’ ಅಥವಾ ಅಗೆತವೆನ್ನುತ್ತಾರೆ.

ಆ ಒಗಟು ಎಂತಹದು? ಯಾವುದೇ ಬರಹವನ್ನು ಕೊಟ್ಟರೂ ಅದನ್ನು ಅರೆದು ೨೫೬ ಬಿಟ್‌ಗಳಷ್ಟು ಉದ್ದದ ಒಂದು ಸಂಖ್ಯೆಯನ್ನಾಗಿ ಮಾಡುವ ಗಣಿತವಿಧಾನವೊಂದಿದೆ. ಇದರ ಹೆಸರು ‘ಎಸ್‌ಎಚ್‌ಎ-೨೫೬’. ಬರಹದಲ್ಲಿ ಒಂದು ಅಕ್ಷರವನ್ನು ಬದಲಿಸಿದರೂ ಉತ್ತರವು ಪೂರ್ತಿಯಾಗಿ ಬೇರೆಯಾಗುತ್ತದೆ. ಅರೆದ ಹಿಟ್ಟಿನಿಂದ ಅಕ್ಕಿಯ ಕಾಳನ್ನು ಮರಳಿ ಪಡೆಯಲಾರದಂತೆ, ಉತ್ತರದಿಂದ ಹಿಂದಕ್ಕೆ ಹೋಗಿ ಮೂಲಬರಹವನ್ನು ಕಾಣಲು ಮಾರ್ಗವಿಲ್ಲ. ಪುಟದ ತಲೆಬರಹಕ್ಕೆ ಒಂದು ಸಂಖ್ಯೆಯನ್ನು ಸೇರಿಸಿ ಎರಡು ಬಾರಿ ಅರೆದಾಗ, ಬಂದ ಉತ್ತರವು ನಿಗದಿಪಡಿಸಿದ ಒಂದು ಮಿತಿಗಿಂತ ಚಿಕ್ಕದಾಗಿರಬೇಕು, ಇದೇ ಒಗಟು. ಜಾಣತನದಿಂದ ಬಿಡಿಸುವಂತಹದಲ್ಲ. ಸಂಖ್ಯೆಗಳನ್ನು ಒಂದರ ಮೇಲೊಂದರಂತೆ ಹಾಕಿ ನೋಡುತ್ತ ಹೋಗುವುದೊಂದೇ ದಾರಿ. ಸರಾಸರಿ ಹತ್ತು ನಿಮಿಷಗಳಿಗೊಂದು ಪುಟ ಸೇರುವಂತೆ, ಪ್ರತಿ ೨,೦೧೬ ಪುಟಗಳಿಗೊಮ್ಮೆ ಆ ಮಿತಿಯು ತಾನಾಗಿಯೇ ಬದಲಾಗುತ್ತದೆ. ಅಗೆಯುವವರು ಹೆಚ್ಚಿದಷ್ಟೂ ಒಗಟು ಕಠಿನವಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುವುದು.

ಆರಂಭದಲ್ಲಿ ಮನೆಯ ಗಣಕಯಂತ್ರಗಳೇ ಈ ಕೆಲಸಕ್ಕೆ ಸಾಕಾಗಿದ್ದವು. ೨೦೧೩ರಿಂದ ಈಚೆಗೆ, ಈ ಅರೆಯುವ ಕೆಲಸವೊಂದನ್ನುಳಿದು ಬೇರೇನನ್ನೂ ಅರಿಯದ ವಿಶೇಷ ಚಿಪ್ಪುಗಳು ಬಂದವು. ಕಡಲಕರೆಯ ಮಕ್ಕಳಾದ ನಮ್ಮವರಿಗೆ ಚಿಪ್ಪೆಂದರೆ ಮಳಿ, ಕಪ್ಪೆಚಿಪ್ಪುಗಳೇ ನೆನಪಾಗುವುದು ಸಹಜ. ಇಲ್ಲಿ ಹೇಳುವ ಚಿಪ್ಪು ಸಿಲಿಕಾನಿನ ತುಣುಕು. ಹೆಬ್ಬೆರಳ ಉಗುರಿಗಿಂತ ಚಿಕ್ಕದು.

ಹಲಗೆಯ ರಚನೆ

೨೦೧೬ರಲ್ಲಿ ಬಂದು ಲೋಕದಲ್ಲೆಲ್ಲ ಹರಡಿದ ಆಂಟ್‌ಮೈನರ್ ಎಸ್-೯ ಎಂಬ ಯಂತ್ರದ ರಚನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಮೂರು ಹಲಗೆಗಳು, ಒಂದೊಂದರಲ್ಲಿ ೬೩ ಚಿಪ್ಪುಗಳು, ಒಟ್ಟು ೧೮೯. ಒಂದೊಂದು ಚಿಪ್ಪಿನೊಳಗೆ ಅರೆಯುವ ೧೧೪ ಕೋಶಗಳು. ಇವೆಲ್ಲ ಕೂಡಿ ಸೆಕೆಂಡಿಗೆ ಸುಮಾರು ೧೩.೫ ಲಕ್ಷ ಕೋಟಿ ಬಾರಿ ಲೆಕ್ಕ ಮಾಡುತ್ತವೆ. ಅದಕ್ಕಾಗಿ ಸುಮಾರು ೧,೩೫೦ ವಾಟ್ ವಿದ್ಯುಚ್ಛಕ್ತಿಯನ್ನು ತಿನ್ನುತ್ತವೆ. ಆ ಶಕ್ತಿಯೆಲ್ಲ ಕೊನೆಗೆ ಶಾಖವಾಗಿ ಹೊರಬೀಳುವುದರಿಂದ, ಎರಡು ಬೀಸಣಿಗೆಗಳು ಎಡೆಬಿಡದೆ ತಿರುಗುತ್ತಿರಬೇಕು.

ಚಿಪ್ಪುಗಳಿಗೆ ವಿದ್ಯುತ್ತು ಹೋಗುವ ಬಗೆಯನ್ನು ತಿಳಿಯಲು ಜಾತ್ರೆಯಲ್ಲಿ ಕಟ್ಟುವ ಸಣ್ಣ ದೀಪಗಳ ಸರವನ್ನು ನೆನೆದುಕೊಳ್ಳಿರಿ. ಒಂದರ ಹಿಂದೊಂದು ಪೋಣಿಸಿದ ದೀಪಗಳು ಒಟ್ಟು ವೋಲ್ಟೇಜನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹಾಗೆಯೇ ಇಲ್ಲಿ ಮೂರು ಮೂರು ಚಿಪ್ಪುಗಳ ೨೧ ಗುಂಪುಗಳಿವೆ. ಗುಂಪಿನೊಳಗಿನ ಮೂರು ಚಿಪ್ಪುಗಳು ಅಕ್ಕಪಕ್ಕದಲ್ಲಿ, ಅಂದರೆ ಸಮಾಂತರವಾಗಿ ಜೋಡಿಸಲ್ಪಟ್ಟಿವೆ. ಗುಂಪುಗಳು ಮಾತ್ರ ಒಂದರ ಹಿಂದೊಂದು, ಸರಣಿಯಾಗಿ. ಹಲಗೆಯ ವೋಲ್ಟೇಜು ಸುಮಾರು ೮.೪ ಇದ್ದರೆ, ೨೧ರಿಂದ ಭಾಗಿಸಿದಾಗ ಒಂದೊಂದು ಗುಂಪಿಗೆ ೦.೪ ವೋಲ್ಟು ಬರುತ್ತದೆ.

ಆಜ್ಞೆ ಮತ್ತು ಉತ್ತರಗಳು ಸಾಗುವ ಬಗೆ ಬೇರೆ. ತೋಟಕ್ಕೆ ಬೆಂಕಿ ಬಿದ್ದಾಗ ಬಾವಿಯಿಂದ ಸಾಲಾಗಿ ನಿಂತು ಕೊಡಪಾನವನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೆ? ಹಾಗೆಯೇ ತಾಳ ಹಾಕುವ ಗಡಿಯಾರದ ಮಿಡಿತವೂ ‘ಈ ಲೆಕ್ಕ ಮಾಡು’ ಎಂಬ ಆಜ್ಞೆಯೂ ಮೊದಲನೆಯ ಚಿಪ್ಪಿಗೆ ಬಂದು, ಅಲ್ಲಿಂದ ಎರಡನೆಯದಕ್ಕೆ, ಹೀಗೆ ಅರುವತ್ತಮೂರನೆಯದರವರೆಗೆ ದಾಟುತ್ತವೆ. ಉತ್ತರವು ಅದೇ ಸಾಲಿನಲ್ಲಿ ಕೊನೆಯ ಕಡೆಯಿಂದ ಮೊದಲಿನ ಕಡೆಗೆ ಹಿಂದಿರುಗುತ್ತದೆ. ಸಾಲಿನ ನಡುವೆ ಒಬ್ಬನು ಕೈಬಿಟ್ಟರೆ ಆಚೆಯವರೆಲ್ಲರೂ ಬರಿಗೈಯಲ್ಲಿ ನಿಲ್ಲಬೇಕಾಗುವುದು. ಒಂದು ಚಿಪ್ಪು ಕೆಟ್ಟರೆ ಇಡೀ ಹಲಗೆ ನಿಲ್ಲುವುದಕ್ಕೆ ಇದೇ ಕಾರಣ.

ಹುಡುಕುವ ಕ್ರಮ

ಹಲಗೆ ನಿಂತೊಡನೆ ಚಿಪ್ಪನ್ನೇ ದೂರುವುದು ಸರಿಯಲ್ಲ. ವಿದ್ಯುತ್ತಿನ ತಂತಿ ಸಡಿಲವಾಗಿರಬಹುದು, ಸಂಕೇತದ ಪಟ್ಟಿತಂತಿ ಕೆಟ್ಟಿರಬಹುದು, ಬೀಸಣಿಗೆ ನಿಂತಿರಬಹುದು. ಒಳ್ಳೆಯ ಹಲಗೆಯ ಪಟ್ಟಿತಂತಿಯನ್ನು ಈ ಹಲಗೆಗೂ ಇದರದನ್ನು ಅದಕ್ಕೂ ಬದಲಿಸಿ ನೋಡಬೇಕು. ದೋಷವು ತಂತಿಯೊಡನೆ ಹೋದರೆ ಕೆಟ್ಟುದು ತಂತಿ. ಹಲಗೆಯಲ್ಲಿಯೇ ಉಳಿದರೆ ಕೆಟ್ಟುದು ಹಲಗೆ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕೆಂಬ ವಿಜ್ಞಾನದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದೇ ಇಲ್ಲ.

ಅನಂತರ ಯಂತ್ರವನ್ನು ಚಾಲೂ ಮಾಡಿದಾಗ ಅದು ತೋರಿಸುವ ಚಿಪ್ಪುಗಳ ಎಣಿಕೆಯನ್ನು ನೋಡಬೇಕು. ಅರುವತ್ತಮೂರಕ್ಕೆ ಬದಲಾಗಿ ನಲವತ್ತು ಎಂದು ತೋರಿಸಿದರೆ, ನಲವತ್ತರ ಆಚೆಯಲ್ಲಿಯೇ ಸಾಲು ಕಡಿದಿದೆಯೆಂದು ಊಹಿಸಬಹುದು. ಸೊನ್ನೆಯೆಂದು ತೋರಿಸಿದರೆ ಸುಳಿವಿಲ್ಲ, ಅಳೆದೇ ನೋಡಬೇಕು. ಎಣಿಕೆ ಸರಿಯಾಗಿದ್ದು ತಪ್ಪು ಉತ್ತರಗಳು ಮಾತ್ರ ಹೆಚ್ಚಾಗಿದ್ದರೆ, ಯಾವುದೋ ಚಿಪ್ಪಿನೊಳಗಿನ ಕೆಲವು ಕೋಶಗಳು ಕೆಟ್ಟಿವೆಯೆಂದೋ ಶಾಖವು ಮಿತಿಮೀರಿದೆಯೆಂದೋ ತಿಳಿಯಬಹುದು.

ಅಳೆಯಲು ಬೇಕಾದುದು ಮಲ್ಟಿಮೀಟರು. ಮೊದಲು ೨೧ ಗುಂಪುಗಳ ವೋಲ್ಟೇಜನ್ನು ನೋಡಬೇಕು. ಎಲ್ಲ ಕಡೆಗಳಲ್ಲಿಯೂ ೦.೪ರ ಆಸುಪಾಸಿನಲ್ಲಿದ್ದು ಒಂದು ಗುಂಪಿನಲ್ಲಿ ಮಾತ್ರ ಸೊನ್ನೆಗೆ ಹತ್ತಿರವಾಗಿದ್ದರೆ, ಆ ಗುಂಪಿನ ಚಿಪ್ಪೊಂದು ಒಳಗೆ ಕೂಡಿಕೊಂಡು ಹೋಗಿದೆಯೆಂದು ಅರ್ಥ. ಆಗ ಹುಡುಕಾಟವು ಮೂರು ಚಿಪ್ಪುಗಳಿಗೆ ಇಳಿಯಿತು. ಎಲ್ಲ ಗುಂಪುಗಳೂ ಸರಿಯಾಗಿದ್ದರೆ ಸಂಕೇತದ ಸಾಲನ್ನು ಪರೀಕ್ಷಿಸಬೇಕು. ಗಡಿಯಾರದ ಮಿಡಿತವು ಸೊನ್ನೆಗೂ ೧.೮ ವೋಲ್ಟಿಗೂ ನಡುವೆ ಅತಿವೇಗವಾಗಿ ಏರಿಳಿಯುವುದರಿಂದ, ಮಲ್ಟಿಮೀಟರು ಅದರ ಸರಾಸರಿಯನ್ನು, ಎಂದರೆ ಸುಮಾರು ೦.೯ನ್ನು ತೋರಿಸುತ್ತದೆ. ಗುಂಪುಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದಿರುವುದರಿಂದ, ಮೀಟರಿನ ಕಪ್ಪು ಕಡ್ಡಿಯನ್ನು ಆಯಾ ಗುಂಪಿನ ತಳದಲ್ಲಿಯೇ ಇಟ್ಟು ಅಳೆಯಬೇಕು. ಇದನ್ನು ಮರೆತವರಿಗೆ ಒಳ್ಳೆಯ ಚಿಪ್ಪೂ ಕೆಟ್ಟುದಾಗಿ ಕಾಣುತ್ತದೆ.

ಇಲ್ಲಿಯೇ ನಮ್ಮ ತರುಣನು ಎಡವಿದ್ದನು. ಆತನು ಒಂದನೆಯ ಚಿಪ್ಪಿನಿಂದ ಹಿಡಿದು ಒಂದೊಂದನ್ನೇ ಅಳೆಯುತ್ತ ಹೋಗಿ, ಇಪ್ಪತ್ತರ ಹೊತ್ತಿಗೆ ಬೇಸತ್ತು, ಕಡ್ಡಿ ಜಾರಿ, ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಆರಂಭಿಸಿದ್ದನು. ನಾವು ಆತನಿಗೆ ಹೇಳಿದುದು ಇಷ್ಟೆ: “ತಮ್ಮಾ, ನಿಘಂಟಿನಲ್ಲಿ ಪದವನ್ನು ಹುಡುಕುವಾಗ ಮೊದಲ ಪುಟದಿಂದ ತಿರುವುತ್ತೀಯೋ, ನಡುವೆ ತೆರೆಯುತ್ತೀಯೋ?” ಆತನು ನಕ್ಕನು, ವಿಷಯ ತಿಳಿದುಹೋಯಿತು.

ಸಂಕೇತವು ಕೆಟ್ಟ ಚಿಪ್ಪಿನವರೆಗೆ ಸರಿಯಾಗಿಯೇ ಬಂದಿರುತ್ತದೆ, ಅದರಾಚೆಗೆ ಇರುವುದಿಲ್ಲ. ಆದುದರಿಂದ ಸಾಲಿನ ನಡುವೆ ಅಳೆದರೆ ಅರ್ಧವನ್ನು ಒಮ್ಮೆಗೇ ಬಿಟ್ಟುಬಿಡಬಹುದು. ನಮ್ಮ ವಿಜ್ಞಾನದ ಮೇಜಿನ ಮೇಲೆ ಆ ಸಂಜೆ ನಡೆದುದನ್ನು ಕ್ರಮವಾಗಿ ಕೊಡುತ್ತೇವೆ.

ಮೊದಲ ಅಳತೆ ೩೨ನೆಯ ಚಿಪ್ಪಿನ ಹೊರದಾರಿಯಲ್ಲಿ: ಸಂಕೇತವಿದೆ. ದೋಷವು ೩೩ರಿಂದ ೬೩ರೊಳಗೆ.
ಎರಡನೆಯದು ೪೮ರಲ್ಲಿ: ಸಂಕೇತವಿಲ್ಲ. ದೋಷವು ೩೩ರಿಂದ ೪೮ರೊಳಗೆ.
ಮೂರನೆಯದು ೪೦ರಲ್ಲಿ: ಇದೆ. ದೋಷವು ೪೧ರಿಂದ ೪೮ರೊಳಗೆ.
ನಾಲ್ಕನೆಯದು ೪೪ರಲ್ಲಿ: ಇದೆ. ದೋಷವು ೪೫ರಿಂದ ೪೮ರೊಳಗೆ.
ಐದನೆಯದು ೪೬ರಲ್ಲಿ: ಇದೆ. ಉಳಿದವು ೪೭ ಮತ್ತು ೪೮.
ಆರನೆಯದು ೪೭ರಲ್ಲಿ: ಇಲ್ಲ.

ಆರು ಅಳತೆಗಳಲ್ಲಿ ೪೭ ಸಿಕ್ಕಿಬಿದ್ದಿತು. ಎರಡನ್ನು ಆರು ಬಾರಿ ಗುಣಿಸಿದರೆ ೬೪. ಆದಕಾರಣ ೬೩ ಚಿಪ್ಪುಗಳಿಗೆ ಆರು ಅಳತೆಗಳಿಗಿಂತ ಹೆಚ್ಚು ಎಂದೂ ಬೇಕಾಗುವುದಿಲ್ಲ. ಚಿಪ್ಪುಗಳು ಸಾವಿರವಿದ್ದರೂ ಹತ್ತು ಅಳತೆಗಳು ಸಾಕು, ಏಕೆಂದರೆ ಎರಡರ ಹತ್ತನೆಯ ಘಾತವು ೧,೦೨೪. ಘಾತಾಂಕದ ಪಾಠವನ್ನು ಪರೀಕ್ಷೆಗೆಂದು ಮಾತ್ರ ಓದುವ ಮಕ್ಕಳು ಇದನ್ನು ಗಮನಿಸಬೇಕು.

ಆದರೆ ಒಂದು ಎಚ್ಚರಿಕೆಯುಂಟು. ೪೭ರ ಹೊರದಾರಿಯಲ್ಲಿ ಸಂಕೇತವಿಲ್ಲವೆಂದೊಡನೆ ೪೭ನೆಯ ಚಿಪ್ಪೇ ಸತ್ತಿದೆಯೆಂದು ತೀರ್ಪು ಕೊಡಲಾಗದು. ಅದರ ಬೆಸುಗೆ ಬಿಟ್ಟಿರಬಹುದು. ಅಥವಾ ೪೮ನೆಯದರ ಒಳದಾರಿ ಕೂಡಿಕೊಂಡು ಸಂಕೇತವನ್ನು ನುಂಗುತ್ತಿರಬಹುದು. ಒಂದಕ್ಕಿಂತ ಹೆಚ್ಚು ಚಿಪ್ಪುಗಳು ಕೆಟ್ಟಿದ್ದರೆ ಮೊದಲನೆಯದನ್ನು ಸರಿಪಡಿಸಿದ ಮೇಲೆ ಹುಡುಕಾಟವನ್ನು ಮತ್ತೆ ನಡೆಸಬೇಕು. ಉತ್ತರದ ಸಂಕೇತವು ತಿರುಗಿ ಬರುವ ದಾರಿಯಲ್ಲಿ ದೋಷವಿದ್ದರೆ ಇದೇ ಕ್ರಮವನ್ನು ಕೊನೆಯ ಕಡೆಯಿಂದ ಅನುಸರಿಸಬೇಕು.

ಸರಿಪಡಿಸುವುದು

ಚಿಪ್ಪು ಕೆಡುವುದು ಯಾವುದರಿಂದ? ಬಹುಪಾಲು ಶಾಖದಿಂದ. ಯಂತ್ರ ನಡೆಯುವಾಗ ಬೆಸುಗೆ ಹಿಗ್ಗುತ್ತದೆ, ನಿಂತಾಗ ಕುಗ್ಗುತ್ತದೆ. ಹೀಗೆ ನೂರಾರು ಬಾರಿ ಆದ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಹುಟ್ಟುತ್ತದೆ. ಧೂಳು ಕಟ್ಟಿಕೊಂಡರೆ ಗಾಳಿಯಾಡದು. ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಿದರೆ ಆಯುಸ್ಸು ಕಡಿಮೆ. ನಮ್ಮ ಊರಿನಂತಹ ಕಡಲಕರೆಯಲ್ಲಿ ಉಪ್ಪುಗಾಳಿಯೂ ಮಳೆಗಾಲದ ತೇವವೂ ಲೋಹವನ್ನು ತಿನ್ನುತ್ತವೆ. ಬೇಲಿಯ ತಂತಿಗೆ ಆಗುವುದೇ ಹಲಗೆಗೂ ಆಗುತ್ತದೆ.

ಬೆಸುಗೆ ಬಿಟ್ಟಿರಬಹುದೆಂಬ ಸಂಶಯವಿರುವುದರಿಂದ ಮೊದಲು ಸುಲಭದ ಚಿಕಿತ್ಸೆ. ಚಿಪ್ಪಿನ ಮೇಲಿನ ಶಾಖಹಾರಕ ಲೋಹವನ್ನು ಮೆಲ್ಲನೆ ತೆಗೆದು, ಫ್ಲಕ್ಸ್ ಎಂಬ ಬೆಸುಗೆದ್ರವವನ್ನು ಹಚ್ಚಿ, ಬಿಸಿಗಾಳಿಯ ಯಂತ್ರದಿಂದ ಬೆಸುಗೆ ಕರಗುವಷ್ಟು ಕಾಯಿಸಿ ತಣ್ಣಗಾಗಲು ಬಿಡುವುದು. ನಮ್ಮ ತರುಣನು ತನ್ನ ಅಂಗಡಿಯಲ್ಲಿ ಹೀಗೆ ಮಾಡಿದಾಗ ಎಣಿಕೆಯು ೬೩ಕ್ಕೆ ಏರಿತು. ಆತನ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಹಲಗೆ ಬಿಸಿಯಾದೊಡನೆ ಮತ್ತೆ ನಿಂತಿತು. ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದಾಗ ಕೆಡುವುದು ಚಿಪ್ಪಿನೊಳಗೇ ದೋಷವಿರಬಹುದೆಂಬುದರ ಸೂಚನೆ. ಆದುದರಿಂದ ಬದಲಿಸಲೇಬೇಕಾಯಿತು.

ಹೊಸ ಚಿಪ್ಪು ಅದೇ ಜಾತಿಯದಾಗಿರಬೇಕು. ಮೇಲೆ ಅಚ್ಚಾದ ಗುರುತನ್ನು ಓದಿ ಹೋಲಿಸಬೇಕು. ಆತನು ಪೂರ್ತಿಯಾಗಿ ಸತ್ತ ಹಲಗೆಯೊಂದರಿಂದ ಚಿಪ್ಪನ್ನು ಕಿತ್ತು ತಂದನು. ಹಳೆಯದನ್ನು ಬಿಸಿಗಾಳಿಯಿಂದ ಎತ್ತಿ, ಕೆಳಗಿನ ಬೆಸುಗೆಯನ್ನು ತಾಮ್ರದ ಜಡೆಯಿಂದ ಒರೆಸಿ ಸಮಮಾಡಿ, ಹೊಸದರ ಮೂಲೆಯ ಚುಕ್ಕೆಯನ್ನು ಹಲಗೆಯ ಗುರುತಿಗೆ ಸರಿಯಾಗಿಟ್ಟು ಬೆಸೆದನು. ತಿರುಗಿಸಿ ಕೂರಿಸಿದರೆ ಹೊಸ ಚಿಪ್ಪೂ ಸಾಯುವುದು. ವಿದ್ಯುತ್ತನ್ನು ಕೊಡುವ ಮೊದಲು ಆ ಗುಂಪಿನ ರೋಧವನ್ನು ಪಕ್ಕದ ಗುಂಪಿನೊಡನೆ ಹೋಲಿಸಿ, ಎಲ್ಲಿಯೂ ಕೂಡಿಕೊಂಡಿಲ್ಲವೆಂದು ಖಚಿತಮಾಡಿಕೊಂಡನು. ಶಾಖಹಾರಕವನ್ನು ಅಂಟಿಸದೆ, ಬೀಸಣಿಗೆಯನ್ನು ನಡೆಸದೆ ಪರೀಕ್ಷಿಸಲು ಹೊರಟರೆ ಅಲ್ಪಕಾಲದಲ್ಲಿಯೇ ಚಿಪ್ಪು ಸುಟ್ಟೀತು. ಮೈಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತೂ ಚಿಪ್ಪನ್ನು ಕೊಲ್ಲಬಲ್ಲುದು. ಅದಕ್ಕಾಗಿ ನೆಲಕ್ಕೆ ಜೋಡಿಸಿದ ಮಣಿಕಟ್ಟಿನ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಬೆಸುಗೆಯ ಹೊಗೆ ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಕಿಟಕಿಗಳು ತೆರೆದಿರಬೇಕು. ವಿದ್ಯಾರ್ಥಿಗಳು ಇದನ್ನು ಓದಿ ಮನೆಯಲ್ಲಿ ಪ್ರಯತ್ನಿಸಕೂಡದೆಂದು ಕಟ್ಟುನಿಟ್ಟಾಗಿ ಹೇಳುತ್ತೇವೆ. ಯಂತ್ರದ ವಿದ್ಯುತ್ತು ಪ್ರಾಣಾಪಾಯವನ್ನುಂಟುಮಾಡುವಷ್ಟು ಪ್ರಬಲವಾದುದು.

ನಾಲ್ಕನೆಯ ದಿನ ಮೂರು ಹಲಗೆಗಳೂ ನಡೆದುವು. ಆತನು ಸಿಹಿಯ ಪೊಟ್ಟಣವನ್ನು ಹಿಡಿದುಕೊಂಡೇ ಬಂದನು. ಸಾಲದ ಅರ್ಜಿಯೂ ಜೇಬಿನಲ್ಲಿತ್ತು.

ಕೇಳದೆ ಇದ್ದ ಪ್ರಶ್ನೆ

ನಾವು ಒಂದು ಕಾಗದವನ್ನು ಮುಂದಿಟ್ಟು, “ಲೆಕ್ಕ ಮಾಡಪ್ಪಾ” ಎಂದೆವು. ಓದುಗರೂ ಜೊತೆಯಲ್ಲಿ ಮಾಡಲಿ.

ಯಂತ್ರವು ತಿನ್ನುವುದು ೧.೩೫ ಕಿಲೋವಾಟ್. ದಿನಕ್ಕೆ ೨೪ ಗಂಟೆಗಳಂತೆ ೩೨.೪ ಯೂನಿಟ್, ೩೦ ದಿನಗಳಿಗೆ ೯೭೨ ಯೂನಿಟ್. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಇದೊಂದರದೇ ೧,೯೪೪ ಯೂನಿಟ್. ಯೂನಿಟ್ಟಿಗೆ ೭ ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ ೬,೮೦೪ ರೂಪಾಯಿ ವೆಚ್ಚ.

ಇನ್ನು ಆದಾಯ. ೨೦೨೪ರ ಮಧ್ಯಭಾಗದಲ್ಲಿ ಲೋಕದ ಯಂತ್ರಗಳೆಲ್ಲ ಸೇರಿ ಮಾಡುತ್ತಿದ್ದ ಲೆಕ್ಕವು ಇಂತಹ ಒಂದು ಯಂತ್ರದ ಲೆಕ್ಕದ ಸುಮಾರು ೪.೪೪ ಕೋಟಿ ಪಟ್ಟು. ೨೦೨೪ರ ಏಪ್ರಿಲಿನಲ್ಲಿ ಪುಟವೊಂದರ ಬಹುಮಾನವು ೬.೨೫ ನಾಣ್ಯಗಳಿಂದ ೩.೧೨೫ಕ್ಕೆ ಇಳಿಯಿತು, ೨,೧೦,೦೦೦ ಪುಟಗಳಿಗೊಮ್ಮೆ ಅದು ಅರ್ಧವಾಗಬೇಕೆಂಬುದು ಮೊದಲಿನಿಂದಲೂ ಇರುವ ನಿಯಮ. ದಿನಕ್ಕೆ ೧೪೪ ಪುಟಗಳಂತೆ ಇಡೀ ಲೋಕಕ್ಕೆ ದೊರೆಯುವುದು ೪೫೦ ನಾಣ್ಯಗಳು. ೪.೪೪ ಕೋಟಿಯನ್ನು ೪೫೦ರಿಂದ ಭಾಗಿಸಿದರೆ ಸುಮಾರು ೯೮,೭೦೦ ದಿನಗಳು. ಅಂದರೆ ನಮ್ಮ ತರುಣನ ಯಂತ್ರವು ಒಂದು ನಾಣ್ಯವನ್ನು ಗಳಿಸಲು ೨೭೦ ವರ್ಷಗಳು ಬೇಕು!

ನಾಣ್ಯದ ಬೆಲೆಯು ೨೦೨೪ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಒಂದು ಲಕ್ಷ ಡಾಲರನ್ನು ದಾಟಿತು. ಆಗಿನ ವಿನಿಮಯದಂತೆ ಸುಮಾರು ೮೫ ಲಕ್ಷ ರೂಪಾಯಿ. ಆ ಎತ್ತರದ ಬೆಲೆಯನ್ನೇ ಹಿಡಿದರೂ ೨೭೦ ವರ್ಷಗಳಿಗೆ ಹಂಚಿದಾಗ ತಿಂಗಳಿಗೆ ಬರುವುದು ಸುಮಾರು ೨,೬೦೦ ರೂಪಾಯಿ. ಆದಾಯ ೨,೬೦೦, ವಿದ್ಯುತ್ತಿನ ವೆಚ್ಚ ೬,೮೦೦. ಒಂದು ಯಂತ್ರದಿಂದ ತಿಂಗಳಿಗೆ ೪,೨೦೦ ರೂಪಾಯಿ ನಷ್ಟ. ಐದು ಯಂತ್ರಗಳಿಂದ ೨೧,೦೦೦. ಇದರ ಮೇಲೆ ಸಾಲದ ಬಡ್ಡಿ. ಮೇಲಾಗಿ ನಮ್ಮ ದೇಶದಲ್ಲಿ ಇಂತಹ ನಾಣ್ಯಗಳ ಮಾರಾಟದ ಲಾಭಕ್ಕೆ ೨೦೨೨ರಿಂದ ಶೇಕಡಾ ೩೦ರ ತೆರಿಗೆಯಿದೆ. ಕೊಂಡ ಬೆಲೆಯ ಹೊರತು ಬೇರೆ ವೆಚ್ಚವನ್ನು ಅದರಲ್ಲಿ ಕಳೆಯುವಂತಿಲ್ಲ. ಬೆಲೆ ಮುಂದೆ ಏರಬಹುದಲ್ಲವೆ ಎಂದರೆ, ಬೆಲೆ ಏರಿದಾಗ ಅಗೆಯುವವರೂ ಹೆಚ್ಚುತ್ತಾರೆ. ಅಗೆಯುವವರು ಹೆಚ್ಚಿದಂತೆ ಒಗಟು ಕಠಿನವಾಗುವುದೆಂದು ಮೊದಲೇ ಹೇಳಿದೆವಷ್ಟೆ.

ಆತನು ಕಾಗದವನ್ನು ಬಹಳ ಹೊತ್ತು ನೋಡುತ್ತ ಕುಳಿತನು. “ಮಾರಿದವನು ಈ ಲೆಕ್ಕವನ್ನು ಹೇಳಲಿಲ್ಲ, ಮಾಸ್ತರರೇ” ಎಂದನು. “ನೀನು ಕೇಳಲಿಲ್ಲ” ಎನ್ನಬೇಕೆಂದಿದ್ದೆವು. ಆದರೆ ಅಪ್ಪನ ಅಡಿಕೆಯ ಹಣವನ್ನು ನೆನೆದು ಸುಮ್ಮನಾದೆವು. ಲೆಕ್ಕವನ್ನು ಕಲಿಸಿದವರು ನಾವೇ. ಎಲ್ಲಿ ಹಚ್ಚಬೇಕೆಂಬುದನ್ನು ಸಾಕಷ್ಟು ಕಲಿಸಲಿಲ್ಲವೇನೋ ಎಂಬ ಚಿಂತೆಯೂ ನಮ್ಮನ್ನು ಬಾಧಿಸಿತು.

ಸಾಲದ ಅರ್ಜಿ ಸಂಘಕ್ಕೆ ಹೋಗಲಿಲ್ಲ. ಯಂತ್ರದ ಎರಡು ಬೀಸಣಿಗೆಗಳೂ ವಿದ್ಯುತ್ಪೂರೈಕೆಯ ಪೆಟ್ಟಿಗೆಯೂ ಈಗ ಆತನ ಅಂಗಡಿಯಲ್ಲಿ ಬೇರೆ ಕೆಲಸಕ್ಕೆ ಬರುತ್ತಿವೆ. ೪೭ನೆಯ ಚಿಪ್ಪನ್ನು ಬದಲಿಸಿದ ಹಲಗೆಯನ್ನು ಆತನು ಶಾಲೆಗೆ ಕೊಟ್ಟಿದ್ದಾನೆ. ವಿಜ್ಞಾನದ ಕೊಠಡಿಯ ಕಪಾಟಿನಲ್ಲಿ ಅದನ್ನು ಕಾಣಬಹುದು. ಉಳಿದ ಎರಡು ಹಲಗೆಗಳನ್ನು ತೋಟದ ಮೂಲೆಗೆಸೆಯದೆ, ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವ ಅಧಿಕೃತರಿಗೆ ಒಪ್ಪಿಸಿದನು. ಇವುಗಳಲ್ಲಿರುವ ಲೋಹಗಳು ಬಾವಿಯ ನೀರಿಗೆ ಸೇರಬಾರದು. ಆದರೆ ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. ಚಿಪ್ಪನ್ನು ಕಿತ್ತು ಬೆಸೆಯುವ ಕೈಚಳಕದಿಂದ, ಬೇರೆಡೆ ಆಗದೆಂದು ಹಿಂದಿರುಗಿಸಿದ ಮೊಬೈಲುಗಳೂ ಈಗ ಆತನಲ್ಲಿಗೆ ಬರುತ್ತಿವೆ. ನಮ್ಮ ವಾರ್ಷಿಕೋತ್ಸವದ ದಿನ ದೀಪದ ಸರ ಆರಿದಾಗ, ಆತನು ನೇರವಾಗಿ ನಡುವಿನ ದೀಪಕ್ಕೆ ಕೈಯಿಟ್ಟುದನ್ನು ನೋಡಿ ನಮಗಾದ ಸಂತೋಷವನ್ನು ಬರೆದು ತಿಳಿಸಲಾರೆವು.

ವಿದ್ಯಾರ್ಥಿಗಳೇ, ದೊಡ್ಡ ತೊಡಕನ್ನು ಅರ್ಧರ್ಧವಾಗಿ ಕತ್ತರಿಸಿ ನೋಡುವುದನ್ನು ಕಲಿಯಿರಿ. ಪೋಷಕರೇ, ಮನೆಯ ಹಣವು ಯಾವ ಯಂತ್ರಕ್ಕೆ ಅಥವಾ ಯೋಜನೆಗೆ ಹೋಗುವುದಿದ್ದರೂ, ಅದಕ್ಕೆ ಮೊದಲು ನಿಮ್ಮ ಮಗನನ್ನೋ ಮಗಳನ್ನೋ ಕರೆದು, ಒಂದು ಕಾಗದದ ಮೇಲೆ ಗುಣಾಕಾರ ಭಾಗಾಕಾರಗಳನ್ನು ಮಾಡಿಸಿರಿ. ಅರ್ಧ ಗಂಟೆಯ ಕೆಲಸ. ಅದಕ್ಕೆ ಸಾಲಬೇಕಾಗಿಲ್ಲ, ವಿದ್ಯುತ್ತೂ ಬೇಕಾಗಿಲ್ಲ.